ಸೊನ್ನೆ ಬರೆದ ದಿನ ಬಿದ್ದ ಐವತ್ತು ಉಲ್ಕೆ

"ಹೊಂಬೆಟ್ಟದ ಪ್ರಜೆಗಳೇ, ಕೇಳಿ! ಈ ಸಲದ ಉಲ್ಕಾಮಳೆಯಲ್ಲಿ ಅರಮನೆ ಮಾಳಿಗೆಯ ಕಾವಲಿನವರು ಕಣ್ಣಾರೆ ಎಣಿಸಿದ್ದು ಮೂವತ್ತೆರಡು. ಕುಂಬಾರಕೇರಿಯ ಮಾಳಕ್ಕ ರೇಡಿಯೋ ಕೇಳಿ ಎಣಿಸಿದ್ದು ಇನ್ನೂರ ಹತ್ತು. ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಉಲ್ಕೆಗಳ ಲೆಕ್ಕ ಬರೆಯುವ ಆಕಾಶದ ಕಡತದ ಅಧಿಕಾರ. ತಪ್ಪಿದವರಿಗೆ ತಲೆದಂಡ!"

ಡಂಗುರ ನಿಲ್ಲುವ ಮೊದಲೇ ಮಾಳಕ್ಕ ಕೈಯ ಜೇಡಿಮಣ್ಣು ತೊಳೆದು, ರೇಡಿಯೋ ಕಂಕುಳಲ್ಲಿಟ್ಟುಕೊಂಡು ಅರಮನೆಗೆ ಹೊರಟಳು. ಹೋಗದಿದ್ದರೆ ತಾನು ಸುಳ್ಳಿ ಎಂದೇ ಊರು ನಂಬುತ್ತದಲ್ಲ!

ದೊರೆ ಮೊದಲ ಒಗಟು ಹೇಳಿದ: "ಬೆಟ್ಟದಾಚೆಯ ಹಾಡು ನಮ್ಮೂರಿಗೆ ಕೇಳದು. ಅತಿಥಿಯೊಬ್ಬ ಉರಿದು ಸಾಯುವಾಗ ಮಾತ್ರ ಚಣಹೊತ್ತು ಕೇಳುತ್ತದೆ. ಯಾರವನು?"

"ಪ್ರೇತ!" ಎಂದರು ಅರಮನೆಯ ಜೋಯಿಸರು. ಭಟರು ಅವರನ್ನು ಕಂಬಕ್ಕೆ ಕಟ್ಟಿದರು.

"ಉಲ್ಕೆ ಬುದ್ಧಿ," ಎಂದಳು ಮಾಳಕ್ಕ. "ಅದು ಉರಿದ ಜಾಡಿಗೆ ಬಡಿದು ಆಚೆಯ ರೇಡಿಯೋ ಹಾಡು ನಮ್ಮ ಕಡೆ ತಿರುಗುತ್ತದೆ. ಕೇಳಿದಾಗಲೆಲ್ಲ ಮಡಕೆಗೊಂದು ಹುಣಸೆಬೀಜ ಹಾಕುತ್ತೇನೆ."

ದೊರೆ ಎರಡನೆಯದು ಹೇಳಿದ: "ಒಂದೇ ಮಳೆಗೆ ಇಬ್ಬರು ಪಾತ್ರೆ ಹಿಡಿದರು. ಒಬ್ಬನಿಗೆ ಚೊಂಬು ತುಂಬಿತು, ಒಬ್ಬಳಿಗೆ ದೊಡ್ಡ ಹರವಿ ತುಂಬಿತು. ಸುಳ್ಳರು ಯಾರು?"

"ಹರವಿಯವಳು! ಕಂಡದ್ದೇ ನಿಜ," ಎಂದು ಗುಡುಗಿದ ದಳವಾಯಿ.

"ಇಬ್ಬರೂ ಅಲ್ಲ," ಎಂದಳು ಮಾಳಕ್ಕ. "ಕಣ್ಣಿಗೆ ಕಾಣದ ಪುಡಿ ಉಲ್ಕೆಯೂ ನನ್ನ ರೇಡಿಯೋಗೆ ಸಿಗುತ್ತದೆ. ಬಣ್ಣ, ಬಂದ ದಿಕ್ಕು ನಿಮ್ಮವರಿಗೇ ಗೊತ್ತು. ದೊಡ್ಡದೊಂದು ಉರಿದಾಗ ಹಾಡು ಕಡಿದು ಕಡಿದು ಬಂದು, ನಾನು ಒಂದಕ್ಕೆ ಎರಡು ಬೀಜ ಹಾಕಿರಲೂಬಹುದು."

"ತಪ್ಪು ಒಪ್ಪಿಕೊಂಡಳು!" ಎಂದು ಸಭೆ ನಕ್ಕಿತು.

"ಒಪ್ಪಿಕೊಳ್ಳುವುದೇನು, ಬರೆದೇ ಇಟ್ಟಿದ್ದೇನೆ. ನಿಮ್ಮ ತಪ್ಪು ಎಲ್ಲಿ ಬರೆದಿದ್ದೀರಿ?"

ದಳವಾಯಿಯೂ ಕಂಬ ಸೇರಿದ. ದೊರೆಯ ಮುಖ ಗಂಟಿಕ್ಕಿತು. "ಕೊನೆಯ ಒಗಟು ಕೇಳು. ಉಲ್ಕಾಮಳೆಯ ಮೂರನೆಯ ದಿನ ನಮ್ಮ ಕಡತದಲ್ಲಿ ಸೊನ್ನೆ, ನಿನ್ನದರಲ್ಲಿ ಐವತ್ತು. ಒಂದೂ ಬೀಳದ ದಿನ ಐವತ್ತು ಬಿದ್ದದ್ದು ಹೇಗೆ? ಸುಳ್ಳೆಂದು ಒಪ್ಪಿಕೋ ಮಗಳೇ, ತಲೆ ಉಳಿಸುತ್ತೇನೆ."

"ತಲೆ ನಿಮ್ಮ ಕೈಯಲ್ಲಿದೆ. ಲೆಕ್ಕ ನನ್ನದು," ಎಂದಳು ಮಾಳಕ್ಕ. "ಅಂದು ಮೋಡ ಮುಚ್ಚಿತ್ತು. ಕಾಣಲಿಲ್ಲ ಎನ್ನಬೇಕಾದ ಕಡೆ ನಿಮ್ಮ ಕಾವಲಿನವರು ಬೀಳಲಿಲ್ಲ ಎಂದು ಬರೆದರು."

ಅಲ್ಲೇ ರೇಡಿಯೋ ತಿರುಗಿಸಿದಳು. ಬರೀ ಗೊರಗೊರ. ಬಹಳ ಹೊತ್ತಿನ ಮೇಲೆ ತಟ್ಟನೆ ಹಾಡಿನ ಒಂದು ತುಣುಕು ಮಿಂಚಿ ಮಾಯವಾಯಿತು. ಎಲ್ಲರೂ ತಲೆಯೆತ್ತಿದರು. ಅಂಗಳದ ಮೇಲೆ ನಡುಹಗಲಿನ ಸುಡುಬಿಸಿಲು, ಬೇರೇನೂ ಇಲ್ಲ.

"ಈಗೊಂದು ಬಿತ್ತು. ಇದಕ್ಕೂ ಸೊನ್ನೆಯೇ?"

ಕಾವಲಿನ ಹಿರಿಯ ಮುಂದೆ ಬಂದ. "ಅಂದು ಮೋಡ ಇದ್ದದ್ದು ನಿಜ, ಪ್ರಭು. ಖಾಲಿ ಬಿಟ್ಟರೆ ನಿದ್ದೆ ಹೊಡೆದಿರಿ ಅನ್ನುತ್ತೀರಿ ಅಂತ..."

ದೊರೆ ನಿಟ್ಟುಸಿರಿಟ್ಟ. "ಗೆದ್ದೆ. ಕಡತ ನಿನ್ನದು. ಎರಡನ್ನೂ ಸರಿದೂಗಿಸಿ ಒಂದೇ ಲೆಕ್ಕ ಮಾಡಿಬಿಡು."

"ಆಗದು. ಕಂಡದ್ದು ಒಂದು ಸಾಲು, ಕೇಳಿದ್ದು ಒಂದು ಸಾಲು, ಅಕ್ಕಪಕ್ಕ. ಇನ್ನು ಕಂಬದಲ್ಲಿರುವ ಇವರಿಬ್ಬರನ್ನು ಬಿಚ್ಚಿಸಿ. ಹಗಲುಪಾಳಿಗೆ ಕಿವಿಗಳು ಬೇಕು, ತಲೆ ಇದ್ದರಲ್ಲವೇ ಕಿವಿ?"

ಆಮೇಲೆ ಮಾಳಕ್ಕ ಅರಮನೆಯ ಕಡತ ಬಿಡಿಸಿದಳು. ಸೊನ್ನೆಯನ್ನು ಅಳಿಸಲಿಲ್ಲ. ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ 'ಮೋಡ' ಎಂದು ಬರೆದು, ಪುಸ್ತಕವನ್ನು ದೊರೆಯ ಮುಂದೆ ಹಿಡಿದಳು.

"ತಿದ್ದಿದ ಕಡೆ ಸಹಿ ಬೇಕು ಬುದ್ಧಿ."

ದೊರೆ ಸಹಿ ಹಾಕಿದ.