ಅವ್ವನ ಕಂಬ

"ಬುದ್ಧೀ, ತನ್ನ ಪ್ರಾಣವನ್ನು ತಾನೇ ಪಣಕ್ಕಿಟ್ಟವನನ್ನು ತಪ್ಪಿತಸ್ಥ ಎನ್ನಬಹುದೇ?" ಎಂದು ಬಸಲಿಂಗ ಕೇಳಿದ.

ಅವನು ಮಠದಲ್ಲಿ ಆರು ವರ್ಷ ಓದಿದ ಶಿಷ್ಯ. ಅಂದು ಪಾಠಕ್ಕೆ ಬಂದಿರಲಿಲ್ಲ, ಅಪ್ಪಣೆ ಕೇಳಲು ಬಂದಿದ್ದ. ಮೂಡಲ ಗುಡ್ಡದ ಹಳೆಯ ಗಣಿಗಳಲ್ಲಿ ಓಪಲ್ ಕಲ್ಲು ಹುಡುಕಲು ಹೊರಟಿದ್ದ. ಅವನನ್ನು ಸಾಕಿ ಬೆಳೆಸಿದ ಅಕ್ಕ ಹೊರಗೆ ಜಗುಲಿಯ ಮೇಲೆ ಕೂತಿದ್ದಳು. ಅವಳ ಪಕ್ಕದಲ್ಲಿ ಬುತ್ತಿಯ ಗಂಟು, ಹೊಸ ಹಗ್ಗದ ಸುರುಳಿ ಇದ್ದವು.

"ಯಾರು ತಪ್ಪು ಎಂದರು?" ಎಂದರು ಗುರುಗಳು.

"ಊರೆಲ್ಲ ಎನ್ನುತ್ತಿದೆ. ಹಳೆಯ ಗಣಿ, ಕುಸಿಯುತ್ತದೆ, ಹೋಗಬೇಡ ಎನ್ನುತ್ತಾರೆ. ಕುಸಿಯಲಿ ಬುದ್ಧೀ. ಇಳಿಯುವವನು ನಾನೊಬ್ಬನೇ. ಕಲ್ಲು ಸಿಕ್ಕರೆ ಬದುಕು ನೆಟ್ಟಗಾಯಿತು. ಸಿಗದಿದ್ದರೆ ಹೋಗುವುದು ನನ್ನೊಬ್ಬನ ಪ್ರಾಣ. ಇದರಲ್ಲಿ ಅವರಪ್ಪನ ಗಂಟೇನು ಹೋಯಿತು?"

ಗುರುಗಳು ನಕ್ಕರು. "ಭಲೇ! ಮಾತು ಚೆನ್ನಾಗಿ ಕಲಿತಿದ್ದೀಯೆ. ಮಠದ ಅನ್ನ ದಂಡವಾಗಲಿಲ್ಲ. ಕೂತುಕೋ. ಬಿಸಿಲು ತಗ್ಗುವವರೆಗೆ ಒಂದು ಕತೆ ಕೇಳಿ ಹೋಗು. ನಡುವೆ ಬಾಯಿ ಹಾಕಬೇಡ."

ಬಸಲಿಂಗ ಕೂತ. ಗುರುಗಳು ಹೇಳತೊಡಗಿದರು.

ನೀನು ಹೊರಟಿರುವ ಗುಡ್ಡದಲ್ಲೇ ಒಬ್ಬ ಗಣಿಗಾರನಿದ್ದ. ಅವನ ಹೆಸರು ನನಗೆ ಗೊತ್ತು, ಹೇಳುವುದಿಲ್ಲ. ಅವನ ಹೆಂಡತಿಯ ಹೆಸರು ಹೊಂಬಾಳಮ್ಮ. ಅದನ್ನು ಹೇಳಲೇಬೇಕು.

ಓಪಲ್ ಎನ್ನುವುದು ಪೇಟೆಯವರ ಮಾತು. ಗುಡ್ಡದವರು ಬಣ್ಣದ ಕಲ್ಲು ಎನ್ನುತ್ತಾರೆ. ನೆರಳಿನಲ್ಲಿ ನೋಡಿದರೆ ಹಾಲಿನ ಕೆನೆಯ ಬಣ್ಣದ ಬರೀ ಕಲ್ಲು. ಬಿಸಿಲಿಗೆ ಹಿಡಿದು ಹೊರಳಿಸಿದರೆ ಪಾರಿವಾಳದ ಕತ್ತಿನ ಹಾಗೆ ಹಸಿರು, ನೀಲಿ, ಕೆಂಪು ಅದರೊಳಗೆ ಓಡಾಡುತ್ತವೆ. ಒಮ್ಮೆ ಆ ಓಡಾಟ ನೋಡಿದವನು ಮತ್ತೆ ಬೇರೆ ಕೆಲಸಕ್ಕೆ ಒಗ್ಗುವುದಿಲ್ಲ. ನೀನು ಎಲ್ಲಿ ನೋಡಿದೆಯೋ, ನಾನು ಕೇಳುವುದಿಲ್ಲ.

ಆ ಗಣಿಯನ್ನು ಹಿಂದೆ ಯಾರೋ ತೋಡಿ, ಸಿಕ್ಕಷ್ಟು ತೆಗೆದುಕೊಂಡು, ಬಿಟ್ಟುಹೋಗಿದ್ದರು. ಬಾವಿಯ ಹಾಗೆ ನೆಟ್ಟಗೆ ಇಳಿಯುವ ಗುಂಡಿ. ತಳದಲ್ಲಿ ನಮ್ಮ ಈ ಹಜಾರದಷ್ಟು ಅಗಲದ ಪೊಳ್ಳು. ಮೇಲಿನ ನೆಲ ಕುಸಿಯಬಾರದೆಂದು ನಡುನಡುವೆ ಮಣ್ಣನ್ನು ತೆಗೆಯದೆ ಕಂಬದ ಹಾಗೆ ಬಿಟ್ಟಿದ್ದರು. ಈಗ ನೀನೇ ಯೋಚಿಸು. ಸುತ್ತಲಿನ ಮಣ್ಣನ್ನೆಲ್ಲ ಜಾಲಾಡಿ ಆಗಿದೆ. ಯಾರ ಕೈಯೂ ಬೀಳದ ಮಣ್ಣು ಎಲ್ಲಿ ಉಳಿಯಿತು? ಕಂಬದಲ್ಲಿ. ಹಳೆಯ ಗಣಿಯ ಆಸೆ ಇರುವುದೂ ಅಲ್ಲೇ, ಅಪಾಯ ಇರುವುದೂ ಅಲ್ಲೇ.

ಗುಡ್ಡದ ಹಿರಿಯರು ದಡ್ಡರಲ್ಲ. ಕಂಬ ಮುಟ್ಟಬೇಡಿ ಎಂದರೆ ಯಾರೂ ಕೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಒಂದು ಪದ್ಧತಿ ಮಾಡಿದರು. ಹಳೆಯ ಗಣಿ ಹಿಡಿಯುವ ಮನೆಯವರು ಮೊದಲ ದಿನ ಪ್ರತಿ ಕಂಬಕ್ಕೂ ಸುಣ್ಣದ ಪಟ್ಟೆ ಬಳಿಯಬೇಕು. ಮನೆಯಲ್ಲಿ ಬದುಕಿರುವ ಒಬ್ಬೊಬ್ಬರ ಹೆಸರನ್ನು ಒಂದೊಂದು ಕಂಬಕ್ಕೆ ಇಡಬೇಕು. ಇದು ಅಪ್ಪನದು, ಇದು ಮಗಳದು. ಆಮೇಲೆ ಆ ಕಂಬಕ್ಕೆ ಗುದ್ದಲಿ ಹಾಕಿದರೆ ಆ ಮನುಷ್ಯರಿಗೇ ಹಾಕಿದ ಹಾಗೆ. ಒಳ್ಳೆಯ ಕಲ್ಲು ಸಿಕ್ಕ ದಿನ, ಅದನ್ನು ಮನೆಗೆ ಒಯ್ಯುವ ಮೊದಲು, ಮನೆಯ ಹಿರಿಯರ ಕಂಬಕ್ಕೆ ಅರಿಶಿನ ಹಚ್ಚಿ ಬರಬೇಕು. ಹೆಸರಿನವರು ಸತ್ತರೆ ಕಂಬ ಏನಾಗಬೇಕು ಎಂದು ಹಿರಿಯರು ಹೇಳಿರಲಿಲ್ಲ. ಅದನ್ನೂ ಹೇಳಬೇಕಾದೀತು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಈ ಗಣಿಯಲ್ಲಿ ಮೂರು ಕಂಬ. ಒಂದು ಅವನದು. ಒಂದು ಹೊಂಬಾಳಮ್ಮನದು. ನಡುವಿನ ದಪ್ಪ ಕಂಬ ಅವನ ಅವ್ವನದು.

ಅವನು ಕೆಳಗೆ ಅಗೆಯುತ್ತಿದ್ದ, ಅವಳು ಮೇಲೆ ರಾಟೆ ತಿರುಗಿಸುತ್ತಿದ್ದಳು. ಕೆಳಗಿನಿಂದ ಕೂಗಿದರೆ ಮೇಲೆ ಕೇಳಿಸುವುದಿಲ್ಲ. ಹಗ್ಗವೇ ಮಾತು. ಒಂದು ಸಲ ಜಗ್ಗಿದರೆ ನೀರು ಕಳಿಸು. ಎರಡು ಸಲ ಜಗ್ಗಿದರೆ ಮಣ್ಣಿನ ಬುಟ್ಟಿ ಎತ್ತು. ಮೂರು ಸಲ ಜಗ್ಗಿದರೆ ನನ್ನನ್ನು ಎತ್ತು. ಏಳು ವರ್ಷ ಹೀಗೆ ನಡೆಯಿತು. ಸಿಕ್ಕಿದ್ದೆಲ್ಲ ಅವರೆಕಾಳಿನಂಥ ಚೂರುಗಳು. ರಾಗಿಗೆ ಸಾಲುತ್ತಿತ್ತು, ಅಷ್ಟೇ.

ಆ ಗುಡ್ಡದಲ್ಲಿ ನೀರಿಲ್ಲ. ಹೊಂಬಾಳಮ್ಮ ದಿನಾ ಎರಡು ಮೈಲಿ ಇಳಿದು ಹೊಳೆಯಿಂದ ಕೊಡ ಹೊತ್ತು ತರುತ್ತಿದ್ದಳು. ಅವಳು ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ. "ಹಿತ್ತಲಲ್ಲಿ ಒಂದು ಬಾವಿ ಇರುವ ಮನೆ ಸಾಕು ಕಣ್ರೀ" ಎನ್ನುತ್ತಿದ್ದಳು. ಅವ್ವನೂ ಮಗನನ್ನು ಅದಕ್ಕೇ ಕಾಡುತ್ತಿದ್ದಳು. ಅವನಿಗೂ ಅದೇ ಚಿಂತೆ. ಹೆಂಡತಿಯ ನೆತ್ತಿಯ ಮೇಲೆ ಸಿಂಬಿ ಕೂರುವ ಜಾಗದಲ್ಲಿ ಕೂದಲು ಸವೆದದ್ದನ್ನು ಅವನು ನೋಡಿದ್ದ. ಅವಳೆಂದರೆ ಅವನಿಗೆ ಪ್ರಾಣ. ಇದನ್ನು ಮರೆಯಬೇಡ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದಿದ್ದರೆ ಹೇಳುವುದು ನನಗೆ ಸುಲಭವಾಗುತ್ತಿತ್ತು.

ಎಂಟನೆಯ ವರ್ಷ ಅವ್ವ ಹಾಸಿಗೆ ಹಿಡಿದಳು. ಹೊಂಬಾಳಮ್ಮ ಹೆತ್ತ ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡಳು. ಅವ್ವ ಹೋದಳು. ತಿಥಿ ಮುಗಿಸಿ ಗಂಡ ಹೆಂಡತಿ ಮತ್ತೆ ಗಣಿಗೆ ಬಂದರು.

ಅಂದೇ ಅವನಿಗೆ ಕಂಡಿತು. ಲಾಟೀನು ಇಡಲು ಬಗ್ಗಿದಾಗ ಅವ್ವನ ಕಂಬದ ಹಿಂಬದಿಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ಉಗುರಿನಷ್ಟು ದಪ್ಪದ ಒಂದು ಗೆರೆ ಮಿನುಗಿತು. ಅವನು ಮುಖ ತಿರುಗಿಸಿದ. ಮರುದಿನವೂ ಕಂಡಿತು, ಮುಖ ತಿರುಗಿಸಿದ. ನಾಲ್ಕನೆಯ ದಿನ ತಿರುಗಿಸಲಿಲ್ಲ. ಕಂಬಕ್ಕೆ ಇಡುವುದು ಬದುಕಿರುವವರ ಹೆಸರು. ಅವ್ವ ಈಗ ಇಲ್ಲ. ಅಂದಮೇಲೆ ಈ ಕಂಬ ಯಾರದೂ ಅಲ್ಲ. ಹೀಗೆ ಅವನ ಮನಸ್ಸು ಅವನಿಗೆ ನ್ಯಾಯ ಹೇಳಿತು.

ಕಳ್ಳನಿಗೊಂದು ಪಿಳ್ಳೆ ನೆವ! ಅವ್ವ ಸತ್ತಳೆಂದು ಗುಡ್ಡಕ್ಕೆ ಯಾರು ಹೋಗಿ ಹೇಳಿದ್ದರು? ಕಂಬ ಹೊತ್ತಿದ್ದು ಅವ್ವನ ಹೆಸರನ್ನೇ? ಅದು ಹೊತ್ತಿದ್ದು ಮಣ್ಣನ್ನು. ಅವ್ವ ಹೋದ ಮರುದಿನವೂ ಅಷ್ಟೇ ಮಣ್ಣನ್ನು ಹೊತ್ತು ನಿಂತಿತ್ತು.

ಅವನು ಹಿಂಬದಿಯಿಂದ ಕೊರೆಯತೊಡಗಿದ. ದಿನಕ್ಕೆ ಎರಡು ಬೆರಳಿನಷ್ಟು. ಕೊರೆದಲ್ಲಿಗೆ ಹಸಿ ಜೇಡಿಮಣ್ಣು, ಕಲ್ಲುಚೂರು ತುಂಬಿ ಮೆತ್ತುತ್ತಿದ್ದ. ಮುಂದಿನ ಸುಣ್ಣದ ಪಟ್ಟೆ ಮುಕ್ಕಾಗದ ಹಾಗೆ ನೋಡಿಕೊಂಡ. ಹೆಂಡತಿಗೆ ಹೇಳಲಿಲ್ಲ. ಅವಳು ಮೇಲೆ ಬಯಲಿನಲ್ಲಿ ಇದ್ದಾಳೆ, ಬಿದ್ದರೆ ನನ್ನ ತಲೆಯ ಮೇಲೆ ತಾನೆ ಎಂದುಕೊಂಡ. ನನ್ನ ಪ್ರಾಣ, ನನ್ನ ಪಣ. ಯಾಕಯ್ಯ ತಲೆ ಎತ್ತಿದೆ? ಎಲ್ಲೋ ಕೇಳಿದ ಮಾತು ಅನ್ನಿಸಿತೇ? ಇರಲಿ, ಮುಂದೆ ಕೇಳು.

ಹತ್ತೊಂಬತ್ತನೆಯ ದಿನ ಕಲ್ಲು ಕೈಗೆ ಬಂತು. ನಿಂಬೆಹಣ್ಣಿನ ಗಾತ್ರ. ಅವನು ಹಗ್ಗವನ್ನು ಮೂರು ಸಲ ಜಗ್ಗಿ ಮೇಲೆ ಬಂದ. ನಡುಹಗಲು. ಕಲ್ಲನ್ನು ಹೆಂಡತಿಯ ಕೈಯಲ್ಲಿಟ್ಟ. ಅವಳು ಅದನ್ನು ಬಿಸಿಲಿಗೆ ಹಿಡಿದು ಹೊರಳಿಸಿದಳು. ಕಣ್ಣಲ್ಲಿ ನೀರು ಬಂತು. "ಬಾವಿ" ಎಂದಳು. ಅಷ್ಟೇ ಅಂದಳು.

"ಎಲ್ಲಿ ಸಿಕ್ಕಿತು?" ಎಂದು ಆಮೇಲೆ ಕೇಳಿದಳು.

"ಗೋಡೆಯಲ್ಲಿ" ಎಂದ ಅವನು.

ಅವಳು ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಅರಿಶಿನದ ಪೊಟ್ಟಣವಿತ್ತು. ಇಂದಲ್ಲ ನಾಳೆ ಬೇಕಾಗುತ್ತದೆ ಎಂದು ಅಷ್ಟು ವರ್ಷವೂ ಕಟ್ಟಿಕೊಂಡೇ ಓಡಾಡಿದ್ದಳು.

"ನನ್ನನ್ನು ಇಳಿಸಿ. ಅತ್ತೆಯ ಕಂಬಕ್ಕೆ ಹಚ್ಚಿ ಬರುತ್ತೇನೆ."

"ನಾಳೆ ನಾನೇ ಹಚ್ಚುತ್ತೇನೆ ಬಿಡು."

"ನಾಳೆ ಎಂದವನ ಮನೆ ಹಾಳು. ಉಸಿರಿರುವ ತನಕ ಈ ಹುಡುಗಿಗೊಂದು ಬಾವಿ ಮಾಡಿಕೊಡೋ ಎನ್ನುತ್ತಿದ್ದರು. ಈ ಕಲ್ಲು ಕೊಟ್ಟವರೇ ಅವರು. ಅವರಿಗೆ ಅರಿಶಿನ ಹಚ್ಚದೆ ಮನೆಗೆ ಹೋಗಲೇ? ರಾಟೆ ಹಿಡಿದುಕೊಳ್ಳಿ, ಏಳಿ."

ಆಗ ಅವನು ಒಂದು ಮಾತು ಹೇಳಬೇಕಿತ್ತು. ಕಂಬ ಕೊರೆದಿದ್ದೇನೆ, ಇಳಿಯಬೇಡ. ಇಷ್ಟೇ. ಹೇಳಿದ್ದರೆ ಅವಳು ಸಿಟ್ಟಾಗುತ್ತಿದ್ದಳು. ಅಯ್ಯೋ ಪಾಪಿ ಎಂದು ಬೈಯುತ್ತಿದ್ದಳು. ಒಂದು ವಾರ ಮಾತು ಬಿಡುತ್ತಿದ್ದಳು. ಆಮೇಲೆ ಅವಳೇ ಬಂದು ಊಟಕ್ಕೆ ಏಳಿ ಎನ್ನುತ್ತಿದ್ದಳು. ಅವನು ಅವಳ ಆ ಒಂದು ವಾರದ ಮುಖಕ್ಕೆ ಹೆದರಿದ. ಹತ್ತೊಂಬತ್ತು ದಿನ ನಿಂತ ಕಂಬ ಇನ್ನೊಂದು ಗಳಿಗೆ ನಿಲ್ಲುವುದಿಲ್ಲವೇ ಎಂದುಕೊಂಡ. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಯಾವಾಗಲೂ ಅಲ್ಲ ಕಣಯ್ಯ.

ಅವನೇ ಅವಳ ಸೊಂಟಕ್ಕೆ ಹಗ್ಗ ಕಟ್ಟಿದ. ಗಂಟನ್ನು ಎರಡು ಸಲ ಎಳೆದು ನೋಡಿದ. ತನ್ನ ಕೈಯಿಂದಲೇ ಇಳಿಸಿದ.

ಹಗ್ಗ ಸಡಿಲವಾಯಿತು. ಅವಳ ಕಾಲು ನೆಲ ಮುಟ್ಟಿತೆಂದು ತಿಳಿಯಿತು. ಅವನು ರಾಟೆಯ ಮೇಲೆ ಒಂದು ಕೈ, ಹಗ್ಗದ ಮೇಲೆ ಒಂದು ಕೈ ಇಟ್ಟು ಕಾದ. ಏಳು ವರ್ಷಕ್ಕೂ ಮೇಲೆ ಅವಳು ನಿಂತ ಜಾಗ ಅದು. ಅಲ್ಲಿ ನಿಂತು ಕಾಯುವುದು ಎಂದರೆ ಏನು ಎಂದು ಅವನಿಗೆ ಅಂದು ಮೊದಲ ಸಲ ಗೊತ್ತಾಯಿತು. ತುಸು ಹೊತ್ತಿಗೆ ಹಗ್ಗ ಒಂದು ಸಲ ಅಲುಗಿತು. ಎರಡನೆಯ ಸಲ ಅಲುಗಿತು. ಅವನು ಮೂರನೆಯದಕ್ಕೆ ಕಾದ.

ಮೂರನೆಯದು ಬರಲಿಲ್ಲ. ಕಾಲ ಕೆಳಗೆ ನೆಲ ಗುಡುಗಿತು. ಗುಂಡಿಯ ಬಾಯಿಂದ ಧೂಳು ಎದ್ದಿತು.

ಗುಡ್ಡದವರೆಲ್ಲ ಓಡಿ ಬಂದರು. ನಾಲ್ಕು ದಿನ ಅಗೆದರು. ಅವನು ಗುದ್ದಲಿ ಬಿಟ್ಟು ಕೈಯಿಂದ ಅಗೆದ. ನಾಲ್ಕನೆಯ ದಿನ ಸಿಕ್ಕಳು. ಅವಳ ಬಲ ಅಂಗೈ ಹಳದಿಯಾಗಿತ್ತು.

ಗುರುಗಳು ತಂಬಿಗೆ ಎತ್ತಿ ನೀರು ಕುಡಿದು ಮತ್ತೆ ಹೇಳಿದರು.

ಕಲ್ಲು ಒಡೆದುಹೋಯಿತು ಎಂದುಕೊಂಡೆಯಾ? ಪುರಾಣದಲ್ಲಿ ಒಡೆಯುತ್ತದೆ. ಇಲ್ಲಿ ಒಡೆಯಲಿಲ್ಲ. ಆ ಕಲ್ಲಿಗೆ ಒಂದು ಗೀರೂ ಬೀಳಲಿಲ್ಲ. ಪೇಟೆಯ ವ್ಯಾಪಾರಿ ಬಂದು, ಅದನ್ನು ಬಿಸಿಲಿಗೆ ಹಿಡಿದು, ಇಂಥದ್ದನ್ನು ನನ್ನ ಜನ್ಮದಲ್ಲಿ ನೋಡಿಲ್ಲ ಎಂದ. ಕೇಳಿದಷ್ಟು ಕೊಟ್ಟ. ಹಳೆಯ ಗಣಿಯಲ್ಲಿ ಏನೂ ಸಿಗುವುದಿಲ್ಲ ಎಂದು ಯಾರಾದರೂ ನಿನಗೆ ಹೇಳಿದರೆ ನಂಬಬೇಡ. ಸಿಗುತ್ತದೆ.

ಅವನು ಹೊಳೆಯ ಬಯಲಿನಲ್ಲಿ ಮನೆ ಕಟ್ಟಿದ. ಹಿತ್ತಲಲ್ಲಿ ಬಾವಿ ತೋಡಿಸಿದ. ಹತ್ತು ಮೊಳಕ್ಕೇ ಸಿಹಿನೀರು ಬಂತು. ರಾಟೆ ಹಾಕಿಸಿದ, ಹಗ್ಗ ಕಟ್ಟಿಸಿದ. ಆದರೆ ಆ ಹಗ್ಗವನ್ನು ಅವನು ಮುಟ್ಟಲಾರ. ಕೈಯಲ್ಲಿ ಹಗ್ಗ ಹಿಡಿದರೆ ಮೂರನೆಯ ಜಗ್ಗಿಗೆ ಕಾಯುತ್ತ ನಿಂತುಬಿಡುತ್ತಾನೆ. ನೆರೆಮನೆಯ ಹೆಂಗಸರು ಬಂದು ಸೇದಿಕೊಂಡು ಹೋಗುತ್ತಾರೆ, ಅವನಿಗೂ ಒಂದು ಕೊಡ ತುಂಬಿಟ್ಟು ಹೋಗುತ್ತಾರೆ. ಅವರು ಮರೆತ ದಿನ ಅವನು ಹೊಳೆಗೆ ನಡೆದು ಕೊಡ ಹೊತ್ತು ತರುತ್ತಾನೆ.

ಇದನ್ನೆಲ್ಲ ಅವನೇ ಹೇಳಿದ್ದು. ನೀನು ಕೂತಿರುವ ಜಾಗದಲ್ಲೇ ಕೂತು ಹೇಳಿದ. ಹೇಳಿ ಮುಗಿಸಿ, "ಬುದ್ಧೀ, ನಾನು ಪಣಕ್ಕಿಟ್ಟಿದ್ದು ನನ್ನ ಪ್ರಾಣವನ್ನು ತಾನೆ?" ಎಂದು ಕೇಳಿದ. ನಾನು ಅವನ ಕೈ ಹಿಡಿದುಕೊಂಡು ಅತ್ತೆ.

ಕತೆ ಮುಗಿಯಿತು. ಬಿಸಿಲು ಜಗುಲಿಯಿಂದ ಇಳಿದಿತ್ತು. ಬಸಲಿಂಗ ಮುಂದೆ ಸರಿದು ಗುರುಗಳ ಪಾದ ಮುಟ್ಟಿದ.

"ನಾನು ಕಂಬ ಮುಟ್ಟುವುದಿಲ್ಲ ಬುದ್ಧೀ. ನಿಮ್ಮ ಪಾದದಾಣೆ. ಮದುವೆಯಾಗಿಲ್ಲ, ಮಕ್ಕಳಿಲ್ಲ. ಹೋಗುತ್ತಿರುವವನು ನಾನೊಬ್ಬನೇ."

"ಒಬ್ಬನೇ ಹೋಗುವವನಾದರೆ, ಹೊರಗೆ ನಿನ್ನ ಹಗ್ಗ ಕಾಯುತ್ತ ಕೂತಿರುವವಳು ಯಾರಯ್ಯ?" ಎಂದರು ಗುರುಗಳು.

ಬಸಲಿಂಗ ಜಗುಲಿಯ ಕಡೆ ನೋಡಿದ. ಅಕ್ಕ ಹೊಸ ಹಗ್ಗದ ಸುರುಳಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.