ಪಿಳ್ಳಪ್ಪ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸಿದ್ದು

ದೇವನಹಳ್ಳಿ ಪಕ್ಕದ ಒಂದೂರಲ್ಲಿ ಅಕ್ಕಯ್ಯಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಪಿಳ್ಳಪ್ಪ. ಕಾರು ಓಡಿಸೋದರಲ್ಲಿ ಅವನನ್ನ ಮೀರಿಸೋರಿಲ್ಲ. ಆದರೆ ಹೇಳಿದ ಮಾತನ್ನ ಹೇಳಿದ ಹಂಗೇ ಮಾಡೋನು. ಒಂದು ಕೂದಲೂ ಆಚೆ ಈಚೆ ಇಲ್ಲ. ಅದಕ್ಕೇ ಯಾರೂ ಅವನಿಗೆ ಕೆಲಸ ಕೊಡ್ತಿರಲಿಲ್ಲ. ಅಕ್ಕಯ್ಯಮ್ಮ ಅಣ್ಣ ಚನ್ನರಾಯಪ್ಪನ ಹತ್ತಿರ ಹೋಗಿ ಅತ್ತಳು, ಕರೆದಳು. ಅವನಿಗೆ ಮೂರು ಟ್ಯಾಕ್ಸಿ ಇದ್ದವು. ಒಂದನ್ನ ಅಳಿಯನ ಕೈಗೆ ಕೊಟ್ಟ.

ಮೊದಲನೇ ದಿನ ಅಮ್ಮ ಹೇಳಿಕೊಟ್ಟಳು. "ಹೊರಗೆ ಬರೋರಿಗೆ ಕಾಣೋ ಹಂಗೆ ಹೆಸರಿನ ಬೋರ್ಡು ಹಿಡ್ಕೊ. ಆ ಹೆಸರು ಹೇಳಿದೋರನ್ನ ಕರ್ಕೊಂಡು ಹೋಗಿ ಜಯನಗರದಲ್ಲಿ ಬಿಡು."

ಪಿಳ್ಳಪ್ಪ 'ಶ್ರೀಕಂಠಯ್ಯ' ಅಂತ ಬೋರ್ಡು ಹಿಡಿದು ನಿಂತ. ಮಗನನ್ನ ಕರೆದೊಯ್ಯೋಕೆ ಬಂದಿದ್ದ ಮುದುಕರೊಬ್ಬರು ಹೊತ್ತು ಹೋಗದೆ ಒಂದೊಂದೇ ಬೋರ್ಡು ಓದಿಕೊಂಡು ಬರ್ತಿದ್ದರು. "ಶ್ರೀಕಂಠಯ್ಯ" ಅಂತ ಓದಿದರು. ಹೆಸರು ಹೇಳಿದರಲ್ಲ! ಪಿಳ್ಳಪ್ಪ ಅವರ ಕೈ ಹಿಡಿದು ಕಾರಿಗೆ ಹತ್ತಿಸಿದ. ಮಗನೇ ಕಾರು ಕಳಿಸಿದ್ದಾನೆ ಅಂದುಕೊಂಡು ಮುದುಕರೂ ಆರಾಮಾಗಿ ಕೂತರು. ಜಯನಗರದಲ್ಲಿ ಶ್ರೀಕಂಠಯ್ಯನ ಹೆಂಡತಿ ಬಾಗಿಲು ತೆಗೆದು, "ನಮ್ಮೆಜಮಾನರು ಎಲ್ಲಿ? ಇವರು ಯಾರು?" ಅಂದಳು.

ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. "ಯಾರಂದರೆ ಅವರನ್ನ ಹತ್ತಿಸ್ಕೋತಾರೇನೋ? ಬುಕ್ ಮಾಡಿದೋರ ಫೋನಿಗೆ ನಾಲ್ಕು ಅಂಕಿಯ ನಂಬರ್ ಬಂದಿರುತ್ತೆ. ಅದನ್ನ ಹೇಳೋ ತನಕ ಯಾರನ್ನೂ ಹತ್ತಿಸಬೇಡ."

"ಆಯ್ತಮ್ಮ" ಅಂದ ಪಿಳ್ಳಪ್ಪ.

ಮಾರನೇ ವಾರ ಮಾವ ಚನ್ನರಾಯಪ್ಪನೇ ಕಾಶಿಯಿಂದ ಬಂದಿಳಿದ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಗಂಗಾಜಲದ ತಂಬಿಗೆ. ಪಿಳ್ಳಪ್ಪ ಕಾರಿನ ಬಾಗಿಲಿಗೆ ಅಡ್ಡ ನಿಂತ.

"ನಂಬರ್ ಹೇಳು."

"ನಾನು ಕಣೋ, ನಿನ್ನ ಮಾವ."

"ಮಾವ ಅಂತ ಗೊತ್ತು. ನಂಬರ್ ಹೇಳು."

"ಈ ಕಾರು ನಂದು ಕಣೋ."

"ಅದೂ ಗೊತ್ತು. ನಂಬರ್?"

ಮಾವನಿಗೆ ರೇಗಿತು. "ನೂರೆಂಟು!" ಅಂದ.

ಪಿಳ್ಳಪ್ಪ ಬೆರಳು ಮಡಿಚಿ ಎಣಿಸಿದ. "ಅದು ಮೂರೇ ಅಂಕಿ, ಮಾವ."

ಚನ್ನರಾಯಪ್ಪ ಗಂಗಾಜಲ ತುಳುಕಿಸಿಕೊಂಡು ಬಸ್ಸಿನಲ್ಲಿ ನಿಂತೇ ಊರಿಗೆ ಬಂದ. "ನೋಡು ತಂಗಿ, ಇನ್ನೆರಡು ತಪ್ಪು ಮಾಡಲಿ, ಕಾರು ಕಿತ್ಕೊಂಡು ಎಮ್ಮೆ ಹಗ್ಗ ಕೊಡ್ತೀನಿ" ಅಂದ.

ಅಮ್ಮ ಹೇಳಿದಳು, "ಅಲ್ವೋ, ಲಗೇಜು ಹಿಡ್ಕೊಂಡು ಸುಸ್ತಾಗಿ ನಿಂತೋರನ್ನ ಹಂಗೆಲ್ಲ ಕೇಳಬಾರದು. ಬಾಯಿ ಮುಚ್ಕೊಂಡು ಲಗೇಜು ಡಿಕ್ಕಿಗೆ ಹಾಕು. ಮರ್ಯಾದೆಯಿಂದ ಮನೆ ಬಾಗಿಲಿಗೆ ತಂದು ಬಿಡು."

"ಆಯ್ತಮ್ಮ."

ಎರಡು ದಿನ ಬಿಟ್ಟು ಪಿಳ್ಳಪ್ಪ ಗಿರಾಕಿಯೊಬ್ಬರನ್ನ ವಿಮಾನ ಹತ್ತೋ ಕಡೆ ಇಳಿಸಿದ. ಪಕ್ಕದಲ್ಲೇ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಅಂಡಮಾನಿಗೆ ಹೊರಟು, ಲಗೇಜು ಇಟ್ಟುಕೊಂಡು ಸುಧಾರಿಸ್ಕೋತಿದ್ದರು. ಪಿಳ್ಳಪ್ಪ ಎರಡು ಸೂಟ್‌ಕೇಸನ್ನೂ ಎತ್ತಿ ಡಿಕ್ಕಿಗೆ ಹಾಕಿದ. "ಏಯ್, ನಮ್ಮ ಪೆಟ್ಟಿಗೆ" ಅಂತ ಅವರು ಓಡಿಬಂದು ಕಾರಿನೊಳಗೆ ಕೂತು ಜಗಳ ತೆಗೆದರು. ಇವನು ಬಾಯಿ ಬಿಡಲಿಲ್ಲ. ಮರ್ಯಾದೆಯಿಂದ ತಂದು ಮನೆ ಬಾಗಿಲಿಗೆ ಬಿಟ್ಟ. ಯಾರ ಮನೆ? ಅವನದೇ ಮನೆ.

ಅಕ್ಕಯ್ಯಮ್ಮ ಪಾಪ, ಕೈ ಮುಗಿದು ಅವರಿಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಉಣ್ಣೋ ಹೊತ್ತಿಗೆ ತಲೆ ಮೇಲೆ ಒಂದು ವಿಮಾನ ಹೋಯಿತು. "ಅದೇ ನಮ್ಮದು" ಅಂದಳು ಹುಡುಗಿ.

ಅವರು ಹೋದ ಮೇಲೆ ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಮಗಾ, ಇನ್ನು ಉಳಿದಿರೋದು ಒಂದೇ ತಪ್ಪು. ನನ್ನ ಮಾತೂ ಬೇಡ, ಯಾರ ಮಾತೂ ಬೇಡ. ಫೋನಲ್ಲಿ ದಾರಿ ಹೇಳ್ತಾಳಲ್ಲ, ಆ ಹೆಂಗಸು ಹೇಳಿದ ಹಂಗೆ ಹೋಗು. 'ನೀವು ತಲುಪಿದ್ದೀರಿ' ಅಂತ ಅವಳು ಹೇಳೋ ತನಕ ನಿಲ್ಲಿಸಬೇಡ."

"ಆಯ್ತಮ್ಮ."

ಮಾರನೇ ಬೆಳಿಗ್ಗೆ ಹುಬ್ಬಳ್ಳಿಯಿಂದ ಗುರುಪಾದಪ್ಪ ಅನ್ನೋ ಯಜಮಾನರು ವಿಮಾನದಲ್ಲಿ ಬಂದಿಳಿದರು. ದಾಸರಹಳ್ಳಿಯ ಮಗಳ ಮನೆಯಲ್ಲಿ ಮೊಮ್ಮಗನನ್ನ ತೊಟ್ಟಿಲಿಗೆ ಹಾಕೋದಿತ್ತು. ಮೊದಲ ಸಲದ ವಿಮಾನ. ಹೆದರಿಕೆಗೆ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಕಾರು ಹತ್ತಿದ್ದೇ ಗೊರಕೆ ಹೊಡೆದರು.

ಫೋನಿನ ಹೆಂಗಸು ಎಡಕ್ಕೆ ಅಂದಳು, ಎಡಕ್ಕೆ ಹೋದ. ಬಲಕ್ಕೆ ಅಂದಳು, ಬಲಕ್ಕೆ ಹೋದ. ತುಮಕೂರು ರಸ್ತೆಗೆ ಬಂದ ಮೇಲೆ "ನೇರವಾಗಿ ಮುಂದುವರಿಯಿರಿ" ಅಂದಳು. ಅಷ್ಟರಲ್ಲೇ ಫೋನಿನ ನೆಟ್ ಪ್ಯಾಕು ಮುಗಿಯಿತು. ಆಮೇಲೆ ಅವಳು ತುಟಿ ಪಿಟಕ್ಕೆನ್ನಲಿಲ್ಲ.

ದಾಸರಹಳ್ಳಿ ಬಂತು. ಅವಳು ಹೇಳಲಿಲ್ಲ, ಇವನು ನಿಲ್ಲಿಸಲಿಲ್ಲ. ನೆಲಮಂಗಲ ಬಂತು, ಹೇಳಲಿಲ್ಲ. ತುಮಕೂರು, ಸಿರಾ, ಹಿರಿಯೂರು, ಊಹೂಂ. ಚಿತ್ರದುರ್ಗ ಬಂತು, ದಾವಣಗೆರೆ ಬಂತು, ಹಾವೇರಿಯೂ ಬಂತು. ಎಷ್ಟು ಮುನಿಸು ಇವಳಿಗೆ ಅಂತ ಪಿಳ್ಳಪ್ಪನಿಗೆ ಬೇಜಾರಾಯಿತು.

ಸಂಜೆ ಇಳಿಯೋ ಹೊತ್ತಿಗೆ ಡೀಸೆಲ್ ಮುಗಿದು ಕಾರು ತಾನಾಗೇ ನಿಂತಿತು. ಗುರುಪಾದಪ್ಪ ಕಣ್ಣುಜ್ಜಿಕೊಂಡು ಹೊರಗೆ ನೋಡಿದರು. "ಏ ತಮ್ಮಾ, ನಿಮ್ಮ ಬೆಂಗಳೂರಾಗ ಎಲ್ಲಾ ನಮ್ಮ ಹುಬ್ಬಳ್ಳಿ ಇದ್ದಂಗ ಐತಲ್ಲೋ" ಅಂದರು.

ಅಷ್ಟರಲ್ಲಿ ಅಮ್ಮನ ಫೋನು ಬಂತು. "ಮಗಾ, ಆ ಯಜಮಾನರ ಮಗಳು ಬೆಳಿಗ್ಗೆಯಿಂದ ಕಾದು, ಈಗ ಹೆಂಗೋ ನಮ್ಮ ನಂಬರ್ ಹುಡುಕಿ ಅಳ್ತಾ ಫೋನ್ ಮಾಡ್ತಾವ್ಳೆ. ತಲುಪಿದೆಯೇನೋ?"

ಪಿಳ್ಳಪ್ಪ ಫೋನಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಹೇಳಿದ, "ಗೊತ್ತಿಲ್ಲಮ್ಮ. ಅವಳು ಇನ್ನೂ ಹೇಳಿಲ್ಲ."