ಕಡಲಿಗೆ ಬೀಳದ ಗಂಟೆಗಳು

"ಬುದ್ಧಿ, ನಾಲ್ಕು ಜನರ ದುಡ್ಡಿನಲ್ಲಿ ಪರದೇಶಕ್ಕೆ ಓದಲು ಹೋಗುವವನು ಅಲ್ಲಿ ಹೇಗಿರಬೇಕು?"

ಕೇಳಿದವನು ಶಂಭುಲಿಂಗ. ಮಠದ ವಿದ್ಯಾರ್ಥಿ ನಿಲಯದಲ್ಲಿದ್ದುಕೊಂಡು ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದ. ಒಂದು ಸೆಮಿಸ್ಟರಿನ ಮಟ್ಟಿಗೆ ಪರದೇಶದ ವಿಶ್ವವಿದ್ಯಾಲಯದಲ್ಲಿ ಕಲಿತು ಬರಲು ಕಾಲೇಜು ಅವನನ್ನು ಆರಿಸಿತ್ತು. ಖರ್ಚಿನ ಒಂದು ಪಾಲಿಗೆ ವಿದ್ಯಾರ್ಥಿವೇತನ ಸಿಕ್ಕಿತ್ತು. ಉಳಿದದ್ದಕ್ಕೆ ಅವನ ಅಕ್ಕ ಚೀಟಿ ಎತ್ತಿ ಕೊಟ್ಟಿದ್ದಳು. ನಿಲಯದ ಹಳೆಯ ವಿದ್ಯಾರ್ಥಿಗಳೂ ಕೈಲಾದಷ್ಟು ಸೇರಿಸಿದ್ದರು.

"ನೀನು ಹೇಗಿರಬೇಕು ಅಂದುಕೊಂಡಿದ್ದೀಯಪ್ಪ?" ಎಂದು ಮಠದ ಸ್ವಾಮಿಗಳು ಕೇಳಿದರು.

"ಒಂದು ಹೊತ್ತು ಉಂಡು ಇದ್ದುಬಿಡ್ತೀನಿ ಬುದ್ಧಿ. ಕ್ಲಾಸಿನವರನ್ನೆಲ್ಲ ಬೆಟ್ಟ ಕಣಿವೆ ತೋರಿಸೋಕೆ ಕರ್ಕೊಂಡು ಹೋಗ್ತಾರಂತೆ. ಅದಕ್ಕೆ ಬೇರೆ ದುಡ್ಡು ಕಟ್ಟಬೇಕಂತೆ. ನಾನು ರೂಮಿನಲ್ಲೇ ಕೂತು ಫೋಟೋ ನೋಡ್ಕೊಳ್ತೀನಿ. ಉಳಿದದ್ದನ್ನ ತಂದು ಅವರವರಿಗೆ ವಾಪಸ್ ಕೊಡ್ತೀನಿ."

ಅದಕ್ಕೆ ಸ್ವಾಮಿಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕಂಚಿನ ಎರಕ ಹೊಯ್ಯುವವರ ಕೇರಿಯಿತ್ತು. ದನದ ಕೊರಳಿಗೆ ಕಟ್ಟುವ ಗಂಟೆ ಮಾಡುವುದರಲ್ಲಿ ಅವರದು ಎತ್ತಿದ ಕೈ. ಆದರೆ ಆಳೆತ್ತರದ ಗಂಟೆ ಮಾತ್ರ ಅವರಿಗೆ ಒಲಿಯಲಿಲ್ಲ. ತಣಿಯುವಾಗ ಸೀಳು ಬಿಡುತ್ತಿತ್ತು. ಸೀಳದೆ ಉಳಿದರೆ ಮಡಕೆ ಬಡಿದ ಹಾಗೆ ಸದ್ದು ಮಾಡುತ್ತಿತ್ತು. ಕಾಲ ಬದಲಾಗಿ, ಕೋಟೆಗೆ ಬಂದರಿಗೆ ಎಲ್ಲೆಡೆಗೂ ದೊಡ್ಡ ಗಂಟೆಯೇ ಬೇಕಾಯಿತು. ಕೇರಿಯ ಕುಲುಮೆಗಳು ಒಂದೊಂದಾಗಿ ಆರತೊಡಗಿದವು.

ಕಡಲಾಚೆಯ ಒಂದು ಪಟ್ಟಣದವರು ಆ ವಿದ್ಯೆ ಬಲ್ಲವರು. ಕೈ ಚುರುಕಾಗಿದ್ದ ಒಬ್ಬ ಹುಡುಗಿಯನ್ನು ಅಲ್ಲಿಗೆ ಕಳಿಸೋಣವೆಂದು ಕೇರಿಯವರು ನಿಶ್ಚಯಿಸಿದರು. ಮನೆಮನೆಯಿಂದ ಹಣ ಕೂಡಿತು. ಹಣವಿಲ್ಲದವರು ಮೈಮೇಲಿದ್ದದ್ದನ್ನು ಬಿಚ್ಚಿಕೊಟ್ಟರು. ಕೇರಿಗೆಲ್ಲ ಹಿರಿಯಳಾದ ಅಜ್ಜಿ ಸೊಂಟದ ಬೆಳ್ಳಿ ಡಾಬನ್ನೇ ಕೊಟ್ಟಳು. ಹುಡುಗಿಗೆ ಅಳು ಬಂತು. ಇಷ್ಟು ಜನರ ಋಣ ಹೊತ್ತು ಹೊರಟಿದ್ದೇನಲ್ಲ ಎಂದು ಭಯವೂ ಆಯಿತು. ಆ ಭಯವನ್ನು ಕಟ್ಟಿಕೊಂಡೇ ಹಡಗು ಹತ್ತಿದಳು.

ಆ ಪಟ್ಟಣದ ಗುರು ಬಾಯಿಪಾಠ ಹೇಳುವವನಲ್ಲ. ಶಿಷ್ಯರು ತಮ್ಮ ಖರ್ಚಿನಲ್ಲಿ ತಾಮ್ರ, ತವರ ಕೊಂಡು ಗಂಟೆ ಎರೆಯಬೇಕು. ಗುರು ಒಮ್ಮೆ ಬಡಿದು ಕಿವಿಗೊಡುತ್ತಿದ್ದ. ದನಿ ಸೇರದಿದ್ದರೆ ಎಲ್ಲಿ ತಪ್ಪಿತೆಂದು ಒಂದು ಮಾತು ಹೇಳುತ್ತಿದ್ದ. ಆಮೇಲೆ ಆ ಗಂಟೆಯನ್ನು ಕಡಲಿಗೆ ಹಾಕಬೇಕು. ಅಪಸ್ವರ ನುಡಿದ ಲೋಹವನ್ನು ಮತ್ತೆ ಕರಗಿಸಬಾರದೆಂದು ಅಲ್ಲಿನವರ ಕಟ್ಟಳೆ. ಹುಚ್ಚು ಕಟ್ಟಳೆ ಎಂದೇ ಅನ್ನು. ಆದರೂ ಅಲ್ಲಿ ಕಲಿಯಬೇಕಾದರೆ ಅದೇ ದಾರಿ.

ಹುಡುಗಿ ಎರೆದ ಮೊದಲ ಗಂಟೆ ಕೆಟ್ಟಿತು. ಮೊದಲ ಗಂಟೆ ಯಾರದ್ದಾದರೂ ಕೆಡುತ್ತದೆ. ಆದರೆ ಅದು ನೀರಿಗೆ ಬಿದ್ದಾಗ ಅವಳಿಗೆ ಅಜ್ಜಿಯ ಡಾಬೇ ಮುಳುಗಿಹೋಯಿತು ಎನ್ನಿಸಿತು. 'ಇನ್ನು ಅವರ ಒಂದು ಕಾಸನ್ನೂ ಸಮುದ್ರಕ್ಕೆ ಸುರಿಯಲಾರೆ' ಎಂದು ಅಂದೇ ಆಣೆ ಇಟ್ಟುಕೊಂಡಳು.

ಅಂದಿನಿಂದ ಕುಲುಮೆಯ ಪಕ್ಕದಲ್ಲಿ ಕೂತು ಬೇರೆಯವರ ಎರಕ ನೋಡಿದಳು. ಗುರು ಅವರಿಗೆ ಹೇಳಿದ ಮಾತನ್ನೆಲ್ಲ ಕಂಠಪಾಠ ಮಾಡಿದಳು. ಗಂಜಿ ಕುಡಿದು ದಿನ ದೂಡಿದಳು. ಜೊತೆಯಲ್ಲಿ ಕಲಿಯುತ್ತಿದ್ದ ಗಾಣಿಗರ ಹುಡುಗನೊಬ್ಬ ಒಂದಾದ ಮೇಲೊಂದು ಗಂಟೆ ಕೆಡಿಸುತ್ತಿದ್ದ. 'ದುಡ್ಡಿನ ಬೆಲೆ ತಿಳಿಯದವನು' ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಒಂದು ದಿನ ಅವನ ಗಂಟೆ ನುಡಿಯಿತು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರು. ಅವಳಿಗೆ ಹೊಟ್ಟೆಕಿಚ್ಚಾಯಿತು. ತಾನೂ ಒಂದು ಎರೆದು ನೋಡಲೇ ಎಂದು ಕೈ ತುಡಿಯಿತು. ಸೊಂಟದ ಹಣದ ಗಂಟಿನವರೆಗೂ ಕೈ ಹೋಯಿತು, ಹಾಗೆಯೇ ಹಿಂದಕ್ಕೆ ಬಂತು. ಎರೆಯುವುದು ಹೇಗೆಂಬುದು ತನಗೂ ಗೊತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಮೂರು ವರ್ಷ ಕಳೆದು ಊರಿಗೆ ಮರಳಿದಳು. ಅಷ್ಟರಲ್ಲಿ ಕೇರಿಯಲ್ಲಿ ಒಂದೇ ಕುಲುಮೆ ಉರಿಯುತ್ತಿತ್ತು. ಆದರೂ ಅವಳು ಕಲಿತು ಬರುತ್ತಾಳೆಂಬ ಭರವಸೆಯಲ್ಲಿ ಯಾರೂ ಕಸುಬು ಬಿಟ್ಟಿರಲಿಲ್ಲ, ಅರೆಹೊಟ್ಟೆಯಲ್ಲಿ ಕಾದಿದ್ದರು. ಹುಡುಗಿ ಎಲ್ಲರೆದುರು ಗಂಟು ಬಿಚ್ಚಿ ಅವರವರ ಪಾಲನ್ನು ಹಂಚಿದಳು. ಹೋದದ್ದರಲ್ಲಿ ಮುಕ್ಕಾಲು ಪಾಲು ಹಿಂದಕ್ಕೆ ಬಂದಿತ್ತು. ಇಂಥ ಮಗಳು ಯಾರಿಗುಂಟು ಎಂದು ಜನ ಕಣ್ಣೊರೆಸಿಕೊಂಡರು. ಅವಳ ಎದೆ ಉಬ್ಬಿತು.

ಸುದ್ದಿ ಕೇಳಿ ಬಂದರಿನವರು ಒಂದು ಗಂಟೆ ಮಾಡಿಕೊಡಲು ಹೇಳಿದರು. ಹುಡುಗಿ ಮಣ್ಣಿನ ಅಚ್ಚು ಕಟ್ಟಿಸಿದಳು. ಒಂದೊಂದು ಕೆಲಸವನ್ನೂ ಬಾಯಿಬಿಟ್ಟು ವಿವರಿಸಿದಳು. ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಆದರೆ ಕರಗಿದ ಕಂಚನ್ನು ಅಚ್ಚಿಗೆ ಹೊಯ್ಯುವ ಗಳಿಗೆ ಬಂದಾಗ ಅವಳ ಕೈ ತಡವರಿಸಿತು. ಈಗಲೋ ಇನ್ನೊಂದು ಚಣ ಬಿಟ್ಟೋ ಎಂದು ಕೈಗೆ ತಿಳಿಯಲಿಲ್ಲ. ಅಚ್ಚು ಒಡೆದು ನೋಡಿದರೆ ಗಂಟೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು.

ಯಾರೂ ಅವಳನ್ನು ಬೈಯಲಿಲ್ಲ. ಅಜ್ಜಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅಲ್ಲಿ ಎಷ್ಟು ಗಂಟೆ ಕೆಡಿಸಿದ್ದೆ ಮಗಳೇ?"

"ಒಂದೇ ಒಂದು, ಅಜ್ಜಿ." ಆಗಲೂ ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆಯಿತ್ತು.

ಅಜ್ಜಿ ಸೀಳಿದ ಗಂಟೆಯ ಮೇಲೆ ಕೈಯಿಟ್ಟಳು. "ಅಯ್ಯೋ ಕೂಸೇ, ಅಲ್ಲಿ ಕೆಡಿಸೋಕೇ ಅಲ್ವಾ ನಾವು ಕೊಟ್ಟು ಕಳಿಸಿದ್ದು" ಎಂದಳು.

ಬಂದರಿನವರು ಇನ್ನೊಂದು ಎರೆಯುವವರೆಗೆ ಕಾಯದೆ ಬೇರೆ ಊರಿಗೆ ಹೋದರು. ಆ ವರ್ಷವೇ ಕೇರಿಯವರು ಉಳಿದ ಕುಲುಮೆಗೂ ನೀರು ಹೊಯ್ದು ಕೂಲಿಗೆ ಹೊರಟರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಶಂಭುಲಿಂಗನಿಗೆ ಹುಡುಗಿಯ ಮೇಲೆ ಕನಿಕರ ಹುಟ್ಟಿತ್ತು. ಅವಳ ಪರವಾಗಿ ಒಂದು ಮಾತಾದರೂ ಆಡದೆ ಇರಲಾಗಲಿಲ್ಲ.

"ಆದರೂ ಬುದ್ಧಿ, ಅವಳು ಯಾರಿಗೂ ಮೋಸ ಮಾಡಲಿಲ್ಲವಲ್ಲ. ಉಳಿಸಿದ ದುಡ್ಡನ್ನೆಲ್ಲ ವಾಪಸ್ ಕೊಟ್ಟಳಲ್ಲ."

"ದುಡ್ಡು ಕೊಟ್ಟಳಪ್ಪ, ಅವಳನ್ನು ನಂಬಿ ಅವರು ಕಾದ ಆ ಮೂರು ವರ್ಷಗಳನ್ನು ಯಾರು ವಾಪಸ್ ಕೊಡಬೇಕು?"